ಅನುಮತಿ ಕೊಡುವ ಮುನ್ನ ಓದಲು ಕಲಿಸೋಣ

ಬೆಂಗಳೂರಿನ ಅತ್ತಿಗುಪ್ಪೆಯಲ್ಲಿ ಮೆಟ್ರೊ ಇಳಿದು ಆರ್‌ಪಿಸಿ ಲೇಔಟ್ ಕಡೆ ನಡೆದರೆ ಕಣ್ಣಿಗೆ ಬೀಳುವುದು ಪಿ.ಜಿ. ಬೋರ್ಡುಗಳು, ಕೋಚಿಂಗ್ ಸೆಂಟರ್ ಬೋರ್ಡುಗಳು. ಕೆಎಎಸ್, ಪಿಎಸ್‌ಐ ಎಂದು ರಾತ್ರಿಯೆಲ್ಲ ಓದುವ ಮಕ್ಕಳ ಬಡಾವಣೆ ಇದು. ಅದೇ ಬೀದಿಗಳಲ್ಲಿ ರಾತ್ರಿಯೆಲ್ಲ ಕೋಡ್ ಬರೆಯುವವರೂ ಇದ್ದಾರೆ. ಈ ಎರಡನೆಯ ಗುಂಪಿನ ಓದಿನ ಬಗ್ಗೆ ನನಗೆ ಆತಂಕವಿದೆ.

ತಿಪಟೂರಿನ ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾನೆ, ನಮ್ಮ ಮನೆಯಲ್ಲೇ ಇದ್ದಾನೆ. ಅವನ ಪ್ರಾಜೆಕ್ಟು ದಿನಸಿ ಅಂಗಡಿಗೆ ಬಿಲ್ ಹಾಕುವ ಪ್ರೋಗ್ರಾಂ. ಮೊನ್ನೆ ರಾತ್ರಿ ಅದರ ಒಂದು ಟೆಸ್ಟ್ ಪಾಸಾಗುತ್ತಿರಲಿಲ್ಲ. 19 ರೂಪಾಯಿ 99 ಪೈಸೆಯನ್ನು ಪೈಸೆಗೆ ತಿರುಗಿಸಿದರೆ 1999 ಬರಬೇಕು; ಬರುತ್ತಿದ್ದದ್ದು 1998. ಎಡಿಟರಿನ ಕೆಳಭಾಗದ ಕಪ್ಪು ಟರ್ಮಿನಲ್‌ನಲ್ಲಿ ಎಐ ಸಹಾಯಕ ಕಾದು ಕೂತಿತ್ತು. ‘ಟೆಸ್ಟ್ ಫೇಲ್ ಆಗ್ತಿದೆ, ಸರಿ ಮಾಡು’ ಎಂದು ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಟೈಪ್ ಮಾಡಿದ. ಅದು ನಾಲ್ಕಾರು ಫೈಲ್ ಓದಿತು. ಒಂದು ಫೈಲ್ ತಿದ್ದಲೇ ಎಂದು ಕೇಳಿತು. ಮೂರು ಆಯ್ಕೆಗಳಿದ್ದವು: ‘ಹೌದು’, ‘ಬೇಡ’, ‘ಹೌದು, ಇನ್ನು ಮುಂದೆ ಕೇಳಬೇಡ’. ಇವನು ಮೂರನೆಯದನ್ನು ಒತ್ತಿದ. ಅರೆ ನಿಮಿಷದಲ್ಲಿ ಎಲ್ಲ ಟೆಸ್ಟೂ ಹಸಿರು.

‘ಆಯ್ತು ಮಾಮ’ ಎಂದು ಎದ್ದವನನ್ನು ಕೂರಿಸಿ, ಏನು ಬದಲಾಗಿದೆ ತೋರಿಸು ಎಂದೆ. ‘ಗಿಟ್ ಡಿಫ್’ ಕೊಟ್ಟ. ಅಳಿಸಿದ ಕೆಂಪು ಸಾಲಿನಲ್ಲಿ 1999, ಅದರ ಕೆಳಗೆ ಸೇರಿಸಿದ ಹಸಿರು ಸಾಲಿನಲ್ಲಿ 1998. ಲೆಕ್ಕ ತಪ್ಪಿದ್ದು ಹಾಗೇ ಇತ್ತು, ಟೆಸ್ಟಿನಲ್ಲಿದ್ದ ಸರಿಯುತ್ತರವನ್ನೇ ಎಐ ತಿದ್ದಿ ಹೊಂದಿಸಿತ್ತು. ಕಂಪ್ಯೂಟರ್ ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುವುದರಿಂದ 19.99ನ್ನು 100ರಿಂದ ಗುಣಿಸಿದಾಗ 1998.9999999999998 ಬರುತ್ತದೆ. ಬಿಂದುವಿನ ಮುಂದಿನದನ್ನು ಕತ್ತರಿಸಿ ಎಸೆದರೆ ಒಂದು ಪೈಸೆ ಹೋಯಿತು. ಕತ್ತರಿಸುವ ಬದಲು ಹತ್ತಿರದ ಪೂರ್ಣಾಂಕಕ್ಕೆ ಹೊಂದಿಸಿದ್ದರೆ ಮುಗಿಯುತ್ತಿತ್ತು, ಒಂದೇ ಸಾಲಿನ ಕೆಲಸ. ಆ ಸಾಲನ್ನು ಹುಡುಗನೇ ಆಮೇಲೆ ಬರೆದ. ಅವನಿಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ, ಓದಿರಲಿಲ್ಲ ಅಷ್ಟೆ.

ಈ ಸಹಾಯಕಗಳು ಮೊದಲು ಹೀಗಿರಲಿಲ್ಲ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗ ಅದು ಮುಂದಿನ ಸಾಲೇನಿರಬಹುದು ಎಂದು ಸೂಚಿಸುತ್ತಿತ್ತು. ಬೇಕಾದರೆ ತೆಗೆದುಕೊಳ್ಳಬೇಕು, ಬೇಡವಾದರೆ ಬಿಡಬೇಕು. 2025ರ ಫೆಬ್ರುವರಿಯಲ್ಲಿ ಕ್ಲಾಡ್ ಕೋಡ್, ಏಪ್ರಿಲ್‌ನಲ್ಲಿ ಕೋಡೆಕ್ಸ್, ಜೂನ್‌ನಲ್ಲಿ ಜೆಮಿನಿ ಎಂಬ ಎಐ ಸಹಾಯಕಗಳು ಟರ್ಮಿನಲ್‌ಗೇ ಇಳಿದ ಮೇಲೆ ಮಾತು ಬದಲಾಯಿತು. ಟರ್ಮಿನಲ್‌ನಲ್ಲಿ ಕೂತವರಿಗೆ ಫೈಲ್ ಅಳಿಸುವ, ಡೇಟಾಬೇಸ್ ತೆರೆಯುವ, ಸರ್ವರ್‌ಗೆ ಕಳಿಸುವ ಅಧಿಕಾರವೆಲ್ಲ ಇರುತ್ತದೆ. ನಡುವೆ ಉಳಿದಿರುವ ಮುಖ್ಯ ಬಾಗಿಲು ಆ ಅನುಮತಿಯ ಪ್ರಶ್ನೆ. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ರೆಪ್ಲಿಟ್ ಎಂಬ ಕಂಪನಿಯ ಎಐ ಅವರ ಚಾಲ್ತಿ ಡೇಟಾಬೇಸನ್ನೇ ಅಳಿಸಿತ್ತು. ಕಂಪನಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು.

ವೇಗದ ಮಾತೂ ನಾವು ಅಂದುಕೊಂಡ ಹಾಗಿಲ್ಲ. ಅದೇ ತಿಂಗಳು ಮೀಟರ್ ಎಂಬ ಸಂಸ್ಥೆ 16 ಮಂದಿ ಅನುಭವಿ ಡೆವಲಪರ್‌ಗಳ 246 ಕೆಲಸಗಳನ್ನು ಗಮನಿಸಿ ನಡೆಸಿದ ಅಧ್ಯಯನವನ್ನು ಪ್ರಕಟಿಸಿತು. ಎಐ ಬಳಸಿದಾಗ ಅವರಿಗೆ ಶೇ 19ರಷ್ಟು ಹೆಚ್ಚು ಸಮಯ ಹಿಡಿದಿತ್ತು. ಶೇ 20ರಷ್ಟು ಬೇಗ ಮುಗಿಸಿದೆವು ಎಂದೇ ಅವರು ನಂಬಿದ್ದರು. ಸಂಖ್ಯೆ ಸಣ್ಣದು, ಸಲಕರಣೆಗಳು ಆಮೇಲೆ ಸುಧಾರಿಸಿವೆ. ಆದರೂ ಕೆಲಸ ಬೇಗ ಆಯಿತು ಎಂಬ ಅನಿಸಿಕೆ ಎಷ್ಟು ಮೋಸ ಮಾಡಬಲ್ಲದು ಎಂಬುದಕ್ಕೆ ಇದು ಸಾಕು.

ಇದನ್ನೆಲ್ಲ ಹೇಳಿದೆನೆಂದು ಮಕ್ಕಳ ಕೈಯಿಂದ ಈ ಸಹಾಯಕವನ್ನು ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಯೊಬ್ಬಳು ತರಗತಿಯಲ್ಲಿ ಕೈಯೆತ್ತಿ ಕೇಳಲು ಅಂಜುವ ಪ್ರಶ್ನೆಯನ್ನು ಇಲ್ಲಿ ಕನ್ನಡದಲ್ಲೇ ಹತ್ತು ಸಲ ಕೇಳಬಹುದು. ಇದು ದೊಡ್ಡ ಉಪಕಾರ. ಆದರೆ ಕನ್ನಡ ಲಿಪಿಯಲ್ಲಿ ಉತ್ತರ ಬಂದಾಗ ಟರ್ಮಿನಲ್‌ನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದನ್ನು ಆ ರಾತ್ರಿಯೇ ಕಂಡೆ. ಟರ್ಮಿನಲ್ ಸಾಮಾನ್ಯವಾಗಿ ಪ್ರತಿ ಅಕ್ಷರಕ್ಕೂ ಒಂದೇ ಅಳತೆಯ ಚೌಕ ಕೊಡುತ್ತದೆ. ‘ಸ್ತ್ರೀ’ ಎಂಬ ಒಂದಕ್ಷರ ಹಲವು ಟರ್ಮಿನಲ್‌ಗಳಲ್ಲಿ ಆ ಚೌಕಕ್ಕೆ ಒಗ್ಗದೆ ಚೂರಾಗುತ್ತದೆ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದ ಇದೆ. ಇಷ್ಟು ವರ್ಷದ ಮೇಲೂ ಕನ್ನಡದ ಮಗು ತನ್ನ ಭಾಷೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಬೇಕಾಗಿರುವುದು ನನಗೆ ನೋವಿನ ಸಂಗತಿ. ಇದನ್ನು ಸರಿಪಡಿಸಬಲ್ಲ ಎಂಜಿನಿಯರುಗಳು ಈ ಊರಿನಲ್ಲೇ ಸಾವಿರಗಟ್ಟಲೆ ಇದ್ದಾರೆ.

ಇನ್ನು ಕಾಲೇಜುಗಳ ವಿಷಯ. ಲ್ಯಾಬ್ ಪರೀಕ್ಷೆಯಲ್ಲಿ ಮೊದಲೇ ಗೊತ್ತಿರುವ ಪ್ರೋಗ್ರಾಂಗಳಲ್ಲಿ ಒಂದು ಬರುತ್ತದೆ, ಬಾಯಿಪಾಠ ಮಾಡಿದ್ದನ್ನು ಬರೆದು, ಓಡಿಸಿ ತೋರಿಸಿದರೆ ಅಂಕ. ಬರೆಯುವ ಕೆಲಸವನ್ನು ಯಂತ್ರ ವಹಿಸಿಕೊಂಡಿರುವಾಗ ಈ ಪರೀಕ್ಷೆ ಅಳೆಯುವುದಾದರೂ ಏನನ್ನು? ಇನ್ನೊಬ್ಬರು ಬರೆದದ್ದನ್ನು ಓದಿ ತಪ್ಪು ಹಿಡಿಯುವುದನ್ನು ನಾವು ಕಲಿಸಿಯೇ ಇಲ್ಲ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಮನಸ್ಸು ಮಾಡಿದರೆ ಇದನ್ನು ಬದಲಿಸಬಹುದು: ಎಐ ಬರೆದ ನೂರು ಸಾಲಿನ ಕೋಡ್ ಕೊಡಿ, ಅರ್ಧ ಗಂಟೆ ಕೊಡಿ, ಎಲ್ಲಿ ತಪ್ಪಿದೆ ಎಂದು ವೈವಾದಲ್ಲಿ ಕೇಳಿ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಯಂತ್ರ ಬೇಡ.

ಅಲ್ಲಿಯವರೆಗೆ ಮನೆಯವರು ಕಾಯಬೇಕಿಲ್ಲ. ಪ್ರಾಜೆಕ್ಟ್ ಮುಗೀತು ಎಂದು ಮಕ್ಕಳು ಹೇಳಿದ ದಿನ, ಕಂಪ್ಯೂಟರ್ ಗೊತ್ತಿಲ್ಲದ ಅಪ್ಪ ಅಮ್ಮನೂ ಪಕ್ಕದಲ್ಲಿ ಕೂತು ಕೇಳಬಹುದು: ಅದು ಏನೇನು ಬದಲಾಯಿಸಿತು, ನನಗೆ ತಿಳಿಯುವ ಹಾಗೆ ಕನ್ನಡದಲ್ಲಿ ಹೇಳು.