ಒಂಟಿ ವೀರನ ಕಥೆ ನಮಗೆ ಸಾಲದು

ಯಾರ ಹಂಗೂ ಇಲ್ಲದೆ ಕಂಪನಿ ಕಟ್ಟಿ ಗೆದ್ದ ಅಮೆರಿಕದ ಉದ್ಯಮಿಯೇ ಈ ಕಾಲದ ನಾಯಕ, ಬೆಂಗಳೂರಿನ ಯುವಜನರಿಗೆ ಆತನೇ ಮಾದರಿ ಎಂಬ ಲೇಖನವೊಂದರ ವಾದವನ್ನು ನಾನು ಒಪ್ಪುವುದಿಲ್ಲ.

ಮೊದಲನೆಯದಾಗಿ, ಅಂಥ ಒಂಟಿ ಗೆಲುವು ಅಲ್ಲೂ ಇರಲಿಲ್ಲ. 1960ರ ದಶಕದಲ್ಲಿ ಸಿಲಿಕಾನ್ ವ್ಯಾಲಿಯ ಚಿಪ್‌ಗಳನ್ನು ಅಪೊಲೊ ಯೋಜನೆಗೆ ಕೊಂಡು ಬೆಳೆಸಿದ್ದು ಸರ್ಕಾರದ ಹಣ. ನಮ್ಮ ಎಲೆಕ್ಟ್ರಾನಿಕ್ ಸಿಟಿಯನ್ನೂ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ರೂಪಿಸಿದ್ದು ಸರ್ಕಾರಿ ಸಂಸ್ಥೆ ಕಿಯೋನಿಕ್ಸ್. ಆ ಕನಸು ಕಂಡವರು ಕಿಯೋನಿಕ್ಸ್‌ನ ಮೊದಲ ಮುಖ್ಯಸ್ಥ ಆರ್.ಕೆ. ಬಾಳಿಗಾ. ಆ ಲೇಖನದಲ್ಲಿ ಅವರ ಹೆಸರೇ ಇಲ್ಲ.

ಎರಡನೆಯದಾಗಿ, ಧೈರ್ಯವೆಂದರೆ ಬಂಡವಾಳ ಹೂಡುವುದಷ್ಟೇ ಅಲ್ಲ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲು 58 ವರ್ಷ ತುಂಬುವವರೆಗೆ ಸಿಗದು ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಹೆಸರಾಂತ ನಾಯಕರು ಅವರ ಮುಂದಿರಲಿಲ್ಲ. ದಿನಗೂಲಿ ಕಡಿತದ ಭಯ ಮಾತ್ರ ಇತ್ತು. ಎರಡನೇ ದಿನವೇ ಕೇಂದ್ರ ಸರ್ಕಾರ ನಿಯಮ ಹಿಂಪಡೆಯಿತು. ಅದರ ಫಲ ಭವಿಷ್ಯನಿಧಿ ಇರುವ ದೇಶದ ಎಲ್ಲ ಕಾರ್ಮಿಕರಿಗೂ ಸಿಕ್ಕಿತು.

ತನ್ನ ಷೇರಿನ ಬೆಲೆ ಏರಿಸಿದವನು ಯಶಸ್ವಿ. ಇತರರ ಬದುಕಿಗೆ ಆಸರೆಯಾದವರು ನಾಯಕರು. ಮಕ್ಕಳಿಗೆ ಈ ವ್ಯತ್ಯಾಸ ಕಲಿಸೋಣ.