ಒಂದೇ ಗೇಟು, ಹಲವು ದಾರಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದೊಡನೆ ಮನೆಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮುಂದೇನು? ಹಾಸನ ತಾಲೂಕಿನ ಸಾಲಗಾಮೆಯ ಮನೆಗಳಲ್ಲೂ ಅಷ್ಟೇ. ಆದರೆ ಉತ್ತರ ಹೆಚ್ಚಾಗಿ ಮಕ್ಕಳಿಂದ ಬರುವುದಿಲ್ಲ. ಗೆಳತಿ ಸೇರಿದ ಕಡೆಗೆ ಮಗಳು, ನೆರೆಯವರು ಹೇಳಿದ ಕಡೆಗೆ ಮಗ. ಎರಡು ವರ್ಷ ಕಳೆದ ಬಳಿಕ, ‘ಈ ಕೋರ್ಸಿಗೆ ಗಣಿತ ಬೇಕಿತ್ತಂತೆ’ ಎಂದು ತಿಳಿಯುತ್ತದೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ಎರಡು ದೊಡ್ಡ ಸಂಸ್ಥೆಗಳಿವೆ. ಒಂದು, 1960ರಲ್ಲಿ ಆರಂಭವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜು. ಇನ್ನೊಂದು, 1982ರಲ್ಲಿ ಸ್ಥಾಪನೆಯಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ. ಜನರ ಬಾಯಲ್ಲಿ ಅದು ಎಂ.ಸಿ.ಎಫ್. ಸುಮಾರು 36,000 ಕಿ.ಮೀ. ಎತ್ತರದಲ್ಲಿರುವ ಇನ್ಸ್ಯಾಟ್, ಜಿಸ್ಯಾಟ್ ಉಪಗ್ರಹಗಳನ್ನು ಹಗಲಿರುಳು ನಿಯಂತ್ರಿಸುವ ಕೇಂದ್ರವಿದು.

ಇಂತಹ ಕಡೆ ಕೆಲಸ ಮಾಡಲು ವಿಜ್ಞಾನಿಯೇ ಆಗಬೇಕೆಂಬ ಭಾವನೆ ಅನೇಕರಲ್ಲಿದೆ. ವಾಸ್ತವ ಹಾಗಿಲ್ಲ. ಇಸ್ರೋ ಕೇಂದ್ರಗಳಲ್ಲಿ ಟೆಕ್ನೀಶಿಯನ್ ಹುದ್ದೆಗೆ ಎಸ್ಸೆಸ್ಸೆಲ್ಸಿಯ ಜೊತೆ ಸಂಬಂಧಪಟ್ಟ ಟ್ರೇಡಿನ ಐ.ಟಿ.ಐ. ಕೇಳುತ್ತಾರೆ. ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ ಪ್ರಥಮ ದರ್ಜೆಯ ಡಿಪ್ಲೊಮಾ, ಇಂಜಿನಿಯರ್ ಹುದ್ದೆಗೆ ಉತ್ತಮ ಅಂಕಗಳ ಬಿ.ಇ. ಬೇಕು. ಇದೇ ಜಿಲ್ಲೆಯ ಆಲೂರಿನಲ್ಲಿ 1952ರಲ್ಲಿ ಜನಿಸಿದ ಎ.ಎಸ್. ಕಿರಣ್ ಕುಮಾರ್ ಬಿ.ಇ. ಓದಿದವರಲ್ಲ. ಅವರು ಭೌತಶಾಸ್ತ್ರದಲ್ಲಿ ಬಿ.ಎಸ್ಸಿ., ಎಲೆಕ್ಟ್ರಾನಿಕ್ಸ್‌ನಲ್ಲಿ ಎಂ.ಎಸ್ಸಿ., ಬಳಿಕ ಎಂ.ಟೆಕ್. ಮುಗಿಸಿ 1975ರಲ್ಲಿ ಇಸ್ರೋ ಸೇರಿದರು. 2015ರಿಂದ 2018ರ ವರೆಗೆ ಅದರ ಅಧ್ಯಕ್ಷರಾಗಿದ್ದರು.

ಗೇಟು ಒಂದೇ ಆದರೂ ಒಳಗಿನ ಕೆಲಸ, ವೇತನ, ಬಡ್ತಿ ಒಂದೇ ಅಲ್ಲ. ಆದ್ದರಿಂದ ಎಲ್ಲಿ ಆರಂಭಿಸುತ್ತೇವೆ ಎಂಬುದರ ಜೊತೆಗೆ ಅಲ್ಲಿಂದ ಮೇಲೇರಲು ಮೆಟ್ಟಿಲಿದೆಯೇ ಎಂದೂ ನೋಡಬೇಕು. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಲು ಅವಕಾಶವಿದೆ. ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಮನೆಯ ಕಷ್ಟದಿಂದ ಬೇಗ ದುಡಿಯಬೇಕಾದ ಹುಡುಗನಿಗೂ ಓದು ಅಲ್ಲಿಗೇ ಮುಗಿಯಬೇಕಾಗಿಲ್ಲ.

ಕೆಲವು ಬಾಗಿಲುಗಳು ಮಾತ್ರ ಒಮ್ಮೆ ಮುಚ್ಚಿದರೆ ಸುಲಭವಾಗಿ ತೆರೆಯುವುದಿಲ್ಲ. ಪಿ.ಯು.ಸಿ.ಯಲ್ಲಿ ಗಣಿತ ಬಿಟ್ಟವರಿಗೆ ಸಿ.ಇ.ಟಿ. ಮೂಲಕ ಇಂಜಿನಿಯರಿಂಗ್ ಸೀಟು ಸಿಗದು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕೇ ಬೇಕು. ಇನ್ನೂ ನಿರ್ಧರಿಸಲಾಗದ, ಓದಿನ ಹೊರೆ ಹೊರಬಲ್ಲ ಮಕ್ಕಳಿಗೆ ಎರಡೂ ಇರುವ ಪಿ.ಸಿ.ಎಂ.ಬಿ. ಒಳ್ಳೆಯದು. ವಾಣಿಜ್ಯ, ಕಲಾ ವಿಭಾಗಗಳೂ ಕೀಳಲ್ಲ. ಕೆ.ಎ.ಎಸ್. ಪರೀಕ್ಷೆಗೆ ಯಾವುದೇ ಪದವಿ ಸಾಕು.

ಹೆಣ್ಣು ಮಕ್ಕಳ ವಿಷಯದಲ್ಲಂತೂ ಕೋರ್ಸನ್ನು ನಿರ್ಧರಿಸುವುದು ಬಸ್ಸು. ಹತ್ತಿರದ ಕಾಲೇಜಿನಲ್ಲಿ ವಿಜ್ಞಾನವಿಲ್ಲ, ಆದ್ದರಿಂದ ಮಗಳಿಗೆ ವಿಜ್ಞಾನ ಬೇಡ! ದೂರದ ಚಿಂತೆ ಹೆತ್ತವರಿಗೆ ಸಹಜ. ಆದರೆ ಅದಕ್ಕೆ ಹಾಸ್ಟೆಲ್, ಸಂಬಂಧಿಕರ ಮನೆ, ಬಸ್ ಪಾಸ್ ಎಂಬ ಪರಿಹಾರಗಳಿವೆ. ತಪ್ಪಿಹೋದ ವಿಷಯಕ್ಕೆ ಅಷ್ಟು ಸುಲಭದ ಪರಿಹಾರವಿಲ್ಲ.

ಅರ್ಜಿ ತುಂಬುವ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿನಗೆ ಯಾವ ವಿಷಯ ಇಷ್ಟ? ಇದನ್ನು ಓದಿದರೆ ಮುಂದೆ ಏನೇನು ಓದಬಹುದು? ಏನನ್ನು ಓದಲಾಗದು? ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದಿದ್ದರೆ ಶಾಲೆಯ ಅಧ್ಯಾಪಕರನ್ನು ಕೇಳಿ. ಒಂದು ಸಂಜೆ ಇದಕ್ಕೆ ಮೀಸಲಿಟ್ಟರೆ ಮಗುವಿನ ಎರಡು ವರ್ಷ ಉಳಿದೀತು.