ಕೇಳುವ ಮೊದಲೇ ಹೊಗಳಿದ್ದೆ

ಕಳೆದ ವರ್ಷ ನಮ್ಮ ಕಾಲೇಜಿನ ಗೋಡೆಪತ್ರಿಕೆಯಲ್ಲಿ ‘ಡಮ್ಮಿ’ ಎಂಬ ಇಂಗ್ಲಿಷ್ ಹಾಡುಗಳ ಆಲ್ಬಮ್ಮನ್ನು ಕುರಿತು ನಾನೊಂದು ಟಿಪ್ಪಣಿ ಬರೆದಿದ್ದೆ. ಕೆಲವರಾದರೂ ಓದಿರಬಹುದು. ‘ಯುಗಪ್ರವರ್ತಕ ಕೃತಿ’, ‘ವಿಷಾದದ ಪರಾಕಾಷ್ಠೆ’ ಮೊದಲಾದ ಮಾತುಗಳು ಅದರಲ್ಲಿ ಧಾರಾಳವಾಗಿದ್ದುವು. ಈಗ ಒಪ್ಪಿಕೊಂಡುಬಿಡುವುದೇ ಮೇಲು. ಅದನ್ನು ಬರೆಯುವ ಹೊತ್ತಿಗೆ ಅದರ ಹನ್ನೊಂದು ಹಾಡುಗಳಲ್ಲಿ ನಾನು ಕೇಳಿದ್ದುದು ಎರಡೇ. ಅವುಗಳಲ್ಲಿ ಒಂದು ಬಸ್ಸಿನಲ್ಲಿ, ಅದೂ ಅರ್ಧ. ಉಳಿದ ಅಭಿಪ್ರಾಯವೆಲ್ಲ ಅಲ್ಲಲ್ಲಿ ಓದಿ ಕಟ್ಟಿಕೊಂಡದ್ದು.

ಗುಟ್ಟು ರಟ್ಟಾದದ್ದು ಹೀಗೆ. ನನ್ನ ಗೆಳೆಯನೊಬ್ಬ ಚಿಕ್ಕಂದಿನಿಂದ ಮೃದಂಗ ಕಲಿತವನು. ಟಿಪ್ಪಣಿಯನ್ನೋದಿದ ರಾತ್ರಿಯೇ ಅವನು ಆ ಆಲ್ಬಮ್ಮನ್ನು ಮೊದಲಿನಿಂದ ಕಡೆಯವರೆಗೆ ಎರಡು ಸಲ ಕೇಳಿದನಂತೆ. ಮಾರನೆಯ ದಿನ ಬಂದು, “‘ಬಿಸ್ಕಟ್’ ಅನ್ನೋ ಹಾಡಿನಲ್ಲಿ ಒಬ್ಬ ಗಂಡಸು ನರಳಿದ ಹಾಗೆ ಹಾಡ್ತಾನಲ್ಲ, ಯಾರೋ ಅವನು?” ಎಂದ. “ಅವರ ತಂಡದವನೇ ಇರಬೇಕು,” ಎಂದೆ. ಅವನು ನಕ್ಕ. ಅದು ಅಮೆರಿಕದ ಹಳೆಯ ಗಾಯಕ ಜಾನಿ ರೇ ಎಂಬವನ ಕಂಠ. 1950ರ ದಶಕದ ಅವನ ಹಾಡಿನ ಒಂದು ತುಣುಕನ್ನು ನಿಧಾನಗೊಳಿಸಿ ಅಲ್ಲಿ ಸೇರಿಸಿದ್ದಾರೆ. “ನನಗೆ ಹಿಡಿಸಲಿಲ್ಲ ಕಣೋ. ಆದರೆ ನಾನು ಕೇಳಿದೀನಿ,” ಎಂದು ಹೇಳಿ ಅವನು ಹೊರಟುಹೋದ. ಆ ಒಂದು ‘ಆದರೆ’ಗಾಗಿ ನಾನು ಒಂದು ವಾರ ಅವನೊಡನೆ ಮಾತಾಡಲಿಲ್ಲ.

ಆ ವಾರದಲ್ಲಿ ಮಾತ್ರ ಹನ್ನೊಂದು ಹಾಡುಗಳನ್ನೂ ಕೇಳಿದೆ. ಆ ಬಳಿಕ ನಾನೇ ಸೋತು, ಅವನನ್ನೂ ಇನ್ನು ಮೂವರು ಸಹಪಾಠಿಗಳನ್ನೂ ಕೂಡಿಸಿ, ಒಂದು ಶನಿವಾರ ತರಗತಿಗಳು ಮುಗಿದ ಮೇಲೆ ಮೂಲೆಯ ಕೊಠಡಿಯಲ್ಲಿ ಮೊಬೈಲಿಗೆ ಸಣ್ಣ ಸ್ಪೀಕರೊಂದನ್ನು ಹೊಂದಿಸಿ ಎಲ್ಲರಿಗೂ ಅದನ್ನು ಕೇಳಿಸಿದೆ. ಅಂದಿನ ಜಗಳವನ್ನು ಹೇಳುವುದಕ್ಕೆ ಮುಂಚೆ ಆಲ್ಬಮ್ಮಿನ ಪೂರ್ವೋತ್ತರವನ್ನು ಸ್ವಲ್ಪ ತಿಳಿಸಬೇಕು.

ಪಶ್ಚಿಮ ಇಂಗ್ಲೆಂಡಿನಲ್ಲಿ ಬ್ರಿಸ್ಟಲ್ ಎಂಬ ಬಂದರು ನಗರವಿದೆ. ಇತಿಹಾಸದ ವಿದ್ಯಾರ್ಥಿಗಳಿಗೆ ಅದು ರಾಜಾ ರಾಮಮೋಹನ ರಾಯರು 1833ರಲ್ಲಿ ತೀರಿಕೊಂಡ ಊರು ಎಂದು ಗೊತ್ತಿರುತ್ತದೆ. ಗುಲಾಮರ ವ್ಯಾಪಾರದಿಂದ ಸಿರಿವಂತವಾದ ಆ ಊರಿಗೆ ಎರಡನೆಯ ಮಹಾಯುದ್ಧದ ತರುವಾಯ ಕೆರಿಬಿಯನ್ ದ್ವೀಪಗಳಿಂದ ಬಹಳ ಜನ ಬಂದು ನೆಲೆಸಿದರು. ಅವರೊಡನೆ ಜಮೈಕಾದ ಭಾರಿ ಧ್ವನಿವರ್ಧಕಗಳ ಸಂಗೀತವೂ ಬಂದಿತು. ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಹಿಪ್ ಹಾಪ್ ಇವೆಲ್ಲದರ ಜೊತೆ ಬೆರೆತು, ನಡೆ ನಿಧಾನವಾಗಿ, ಬಣ್ಣ ಕಪ್ಪಿಟ್ಟು ಬೇರೊಂದು ಸಂಗೀತವೇ ಆಯಿತು. ಅದಕ್ಕೆ ‘ಟ್ರಿಪ್ ಹಾಪ್’ ಎಂಬ ಹೆಸರು ಹತ್ತಿದ್ದು 1994ರಲ್ಲಿ, ಮಿಕ್ಸ್‌ಮ್ಯಾಗ್ ಎಂಬ ಪತ್ರಿಕೆಯಿಂದ. ಅದನ್ನು ಮಾಡುತ್ತಿದ್ದವರಿಗೆ ಆ ಹೆಸರು ಸೇರಲಿಲ್ಲ. ಆದರೆ ಊರವರು ಇಟ್ಟ ಅಡ್ಡಹೆಸರನ್ನು ಅಳಿಸಿದವರು ಯಾರಿದ್ದಾರೆ?

‘ಡಮ್ಮಿ’ ಹೊರಬಂದದ್ದು ಅದೇ 1994ರ ಆಗಸ್ಟಿನಲ್ಲಿ. ತಂಡದ ಹೆಸರು ಪೋರ್ಟಿಸ್‌ಹೆಡ್. ಅದು ಬ್ರಿಸ್ಟಲಿಗೆ ಹತ್ತಿರದ ಒಂದು ಸಣ್ಣ ಊರಿನ ಹೆಸರು. ಅವರಲ್ಲಿ ಜೆಫ್ ಬ್ಯಾರೊ ಎಂಬವನು ಬ್ರಿಸ್ಟಲಿನ ಕೋಚ್ ಹೌಸ್ ಸ್ಟುಡಿಯೋದಲ್ಲಿ ಟೇಪು ನೋಡಿಕೊಳ್ಳುವ ಹುಡುಗನಾಗಿದ್ದವನು. 1991ರಲ್ಲಿ ಬಂದ, ಈ ಬಗೆಯ ಸಂಗೀತಕ್ಕೆ ತಳಹದಿ ಹಾಕಿದ, ಮ್ಯಾಸಿವ್ ಅಟ್ಯಾಕ್ ತಂಡದ ‘ಬ್ಲೂ ಲೈನ್ಸ್’ ತಯಾರಾಗುವಾಗ ಅವನು ಅಲ್ಲೇ ಇದ್ದ. ಹಾಡುಗಾರ್ತಿ ಬೆತ್ ಗಿಬನ್ಸ್ ಅವನಿಗೆ ಪರಿಚಯವಾದದ್ದು ನಿರುದ್ಯೋಗಿಗಳು ಸ್ವಂತ ಕಸುಬು ಹೂಡಲೆಂದು ಸರಕಾರ ನಡೆಸುತ್ತಿದ್ದ ತರಬೇತಿಯೊಂದರ ಕಾಫಿ ವಿರಾಮದಲ್ಲಿ. (ಸರಕಾರದ ಯೋಜನೆಗಳಿಂದ ಏನೂ ಆಗುವುದಿಲ್ಲ ಎನ್ನುವವರು ಇದನ್ನು ಗಮನಿಸಬೇಕು!) ಮೂರನೆಯವನು ಏಡ್ರಿಯನ್ ಅಟ್ಲಿ, ಜಾಝ್ ಗಿಟಾರಿನಲ್ಲಿ ಪಳಗಿದ ಕೈ. ಆಲ್ಬಮ್ ಬಂದಾಗ ಬ್ಯಾರೊಗೆ ಇಪ್ಪತ್ತೆರಡು ವರ್ಷ, ನಮಗಿಂತ ಎರಡೋ ಮೂರೋ ವರ್ಷ ದೊಡ್ಡವನು. 1995ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಅದಕ್ಕೆ ದೊರೆಯಿತು.

ಇನ್ನು ನಮ್ಮ ಜಗಳ. ಮೊದಲನೆಯ ಹಾಡು ಪ್ರಾರಂಭವಾಗಿ ಎರಡು ನಿಮಿಷವಾಗಿರಲಿಲ್ಲ, ಬೀಗ ಹಾಕಲು ಬಂದ ಜವಾನರು ಬಾಗಿಲಲ್ಲಿ ನಿಂತು, “ಏನ್ರಪ್ಪಾ, ಪ್ಲೇಟು ಸವೆದುಹೋಗಿದೆ, ಬೇರೆ ಹಾಕಬಾರದೆ?” ಎಂದರು. ಮದುವೆಮನೆಗಳಲ್ಲಿ ಮೈಕ್‌ಸೆಟ್ಟಿನವರು ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದ ಕಾಲವನ್ನು ಕಂಡವರು ಅವರು. ಎಲ್ಲರೂ ನಕ್ಕೆವು. ಆದರೆ ಆ ದಿನ ಯಾರ ಕಿವಿಯಾದರೂ ಸರಿಯಾಗಿ ಕೆಲಸಮಾಡಿದ್ದರೆ ಅದು ಅವರದೇ. ಆ ಚರಚರ ಸದ್ದು ಅಕಸ್ಮಾತ್ತಾಗಿ ಬಂದದ್ದಲ್ಲ. ಈ ತಂಡದವರು ತಾವು ನುಡಿಸಿದ್ದನ್ನೇ ಮೊದಲು ಪ್ಲೇಟಿಗೆ ಹಾಕಿಸಿ, ಆ ಪ್ಲೇಟನ್ನು ನೆಲದಲ್ಲಿ ಹಾಕಿ ಮೇಲೆ ಓಡಾಡಿ, ಗೀರು ಬೀಳಿಸಿ, ಅನಂತರ ಅದರಿಂದ ತುಣುಕುಗಳನ್ನು ತೆಗೆದು ಹಾಡು ಕಟ್ಟುತ್ತಿದ್ದರು. ಹೊಸದನ್ನು ಹಳೆಯದು ಮಾಡಲು ಪಟ್ಟ ಪಾಡು ಅದು.

ಇದನ್ನು ಕೇಳಿ ಅರ್ಥಶಾಸ್ತ್ರದ ಗೆಳೆಯನಿಗೆ ರೇಗಿತು. “ಸ್ವಂತದ್ದನ್ನು ತುಳಿದರೆ ತುಳಿಯಲಿ. ಬೇರೆಯವರದ್ದನ್ನು ಕದಿಯೋದು ಯಾಕೆ?” ಎಂದ. ‘ಸೌರ್ ಟೈಮ್ಸ್’ ಎಂಬ ಹಾಡಿನಲ್ಲಿ ಸಂತೂರನ್ನು ಹೋಲುವ ನಾದವೊಂದು ಸುತ್ತಿಸುತ್ತಿ ಬರುತ್ತದೆ. ಅದು ಲಾಲೊ ಶಿಫ್ರಿನ್ ಎಂಬ ಚಲನಚಿತ್ರ ಸಂಗೀತಕಾರನದು. ಕಡೆಯ ಹಾಡಾದ ‘ಗ್ಲೋರಿ ಬಾಕ್ಸ್’ ನಿಂತಿರುವುದು ಐಸಾಕ್ ಹೇಸ್‌ನ 1971ರ ಒಂದು ಧ್ವನಿಮುದ್ರಣದ ಮೇಲೆ. ನಾನು ಕನ್ನಡ ತರಗತಿಯ ಅಸ್ತ್ರವನ್ನೇ ತೆಗೆದೆ: “ಪಂಪನೂ ಕುಮಾರವ್ಯಾಸನೂ ವ್ಯಾಸರಿಂದ ಕಥೆ ತಕ್ಕೊಳ್ಳಲಿಲ್ಲವೆ?” ಗೆಳೆಯ ಬಿಡಲಿಲ್ಲ. “ಕಥೆ ತಕ್ಕೊಂಡರು. ವ್ಯಾಸರ ಗಂಟಲನ್ನೇ ಕೊಯ್ದು ಅಂಟಿಸಲಿಲ್ಲವಲ್ಲ!”

ಉತ್ತರ ತೋಚದೆ ಸುಮ್ಮನಾದೆ. ಈಗ ಯೋಚಿಸಿದರೆ ಅವನ ಮಾತಿನಲ್ಲಿ ಅರ್ಧ ನಿಜವಿದೆ ಎನಿಸುತ್ತದೆ. ಆದರೆ ಶಿಫ್ರಿನ್, ಹೇಸ್ ಇಬ್ಬರ ಹೆಸರುಗಳೂ ಆ ಹಾಡುಗಳ ಕರ್ತೃಗಳಲ್ಲಿ ಸೇರಿವೆ. ಕಳ್ಳನು ಕದ್ದ ಮಾಲಿನ ಮೇಲೆ ಧಣಿಯ ಹೆಸರು ಬರೆಯುವುದಿಲ್ಲ. ಇನ್ನೊಂದು ಸಂಗತಿಯುಂಟು. ಹೇಸ್‌ನ ಅದೇ ತುಣುಕನ್ನು ಬ್ರಿಸ್ಟಲಿನವನೇ ಆದ ಟ್ರಿಕಿ ಎಂಬ ಕಲಾವಿದ 1995ರ ತನ್ನ ‘ಮ್ಯಾಕ್ಸಿನ್‌ಕ್ವೇ’ ಆಲ್ಬಮ್ಮಿನಲ್ಲಿ ಬಳಸಿದ್ದಾನೆ. ಎರಡನ್ನೂ ಒಂದಾದ ಮೇಲೊಂದು ಕೇಳಿ ನೋಡಿ. ಅಲ್ಲಿ ಅದು ಕತ್ತಲೆಯ ಓಣಿಯಲ್ಲಿ ಒಬ್ಬ ಪಿಸುಗುಟ್ಟುತ್ತ ಹಿಂದೆ ಬಂದಂತಿದೆ. ಇಲ್ಲಿ ಹೆಂಗಸೊಬ್ಬಳು ತುಂಬಿದ ಸಭೆಯಲ್ಲಿ ಎದ್ದು ನಿಂತಂತಿದೆ. ಬರಿಯ ಕಳವಾಗಿದ್ದರೆ ಇಬ್ಬರ ಮನೆಯಲ್ಲೂ ಅದು ಒಂದೇ ಆಗಿರಬೇಕಿತ್ತು.

ಆ ಹೆಂಗಸಿನ ಬಗ್ಗೆಯೇ ಎರಡನೆಯ ಜಗಳ. ‘ಗ್ಲೋರಿ ಬಾಕ್ಸ್’ ಕೇಳಿ ನಾವು ಹುಡುಗರೆಲ್ಲ, ಸೋತ ಹೆಣ್ಣೊಬ್ಬಳು ಪ್ರೀತಿಗಾಗಿ ಅಂಗಲಾಚುತ್ತಿದ್ದಾಳೆಂದು ಏಕಕಂಠದಿಂದ ತೀರ್ಪು ಕೊಟ್ಟೆವು. ಅಲ್ಲಿಯವರೆಗೂ ಮಾತಾಡದೆ ಕಿಟಕಿಯ ಹತ್ತಿರ ಕುಳಿತಿದ್ದ ನಮ್ಮ ಸಹಪಾಠಿನಿ, “ನಿಮಗೆ ಹಾಗೆ ಕೇಳಿಸಿತಾ? ನನಗೆ ಅವಳು ಲೆಕ್ಕ ಕೇಳ್ತಾ ಇದ್ದಾಳೆ ಅನ್ನಿಸಿತು. ಇಷ್ಟು ದಿನ ಆಡಿದ ಆಟ ಸಾಕಾಗಿದೆ ಅಂತ ಹೇಳ್ತಾ ಇದ್ದಾಳೆ. ಬೇಡೋಳ ದನಿ ಹಾಗಿರೋದಿಲ್ಲ,” ಎಂದಳು. ಮತ್ತೊಮ್ಮೆ ಹಾಕಿದೆವು. ನಾಲ್ವರೂ ತಲೆ ತಗ್ಗಿಸಿ ಕೇಳಿದೆವು. ಗಿಬನ್ಸಳ ದನಿ ತೆಳ್ಳಗಿದೆ, ಕೆಲವೆಡೆ ಒಡೆಯುವಂತಿದೆ, ನಿಜ. ಆದರೆ ಒಡೆಯುವುದಿಲ್ಲ. ಎರಡನೆಯ ಸಲ ನನಗೆ ಅಂಗಲಾಚಿಕೆ ಕೇಳಿಸಲಿಲ್ಲ. ಎಷ್ಟು ವಿಮರ್ಶೆ ಓದಿದ್ದರೂ ಇದು ನನಗೆ ಹೊಳೆದಿರಲಿಲ್ಲ.

ನಾಲ್ಕನೆಯವನು ಹಾಸ್ಟೆಲಿನ ಗೆಳೆಯ. ಅವನ ಅಭಿಪ್ರಾಯ ಬಹಳ ಚಿಕ್ಕದು: “ಓದುವಾಗ ಮೆಲ್ಲಗೆ ಹಾಕಿಕೊಳ್ಳೋಕೆ ಚೆನ್ನಾಗಿದೆ.” ಇದಕ್ಕೆ ನಾನು ಅಂದು ಕೂಗಾಡಿದೆ. ಪಾಪ, ತಪ್ಪು ಅವನೊಬ್ಬನದೇ ಅಲ್ಲ. ಇಂಗ್ಲೆಂಡಿನಲ್ಲೂ ಈ ಸಂಗೀತ ಬಹುಬೇಗನೆ ಔತಣದ ಮೇಜಿನ ಹಿಂದೆ ಮೆಲುದನಿಯಲ್ಲಿ ಹಾಕುವ ವಸ್ತುವಾಯಿತು. ಬ್ಯಾರೊಗೆ ಅದು ಬಹಳ ಅಸಮಾಧಾನ ತಂದ ಸಂಗತಿ. ‘ರೋಡ್ಸ್’ ಎಂಬ ಹಾಡನ್ನು ಮೆಲ್ಲಗೆ ಹಾಕಿಕೊಂಡು ಊಟ ಮಾಡುವುದು, ಪಕ್ಕದ ಮನೆಯಲ್ಲಿ ಯಾರೋ ಅಳುತ್ತಿರುವಾಗ ಕಿಟಕಿ ತೆರೆದಿಟ್ಟುಕೊಂಡು ಹಪ್ಪಳ ಮುರಿದಂತೆ ಎಂದು ನನ್ನ ಮತ. ಬೇಕಾದವರು ನಗಬಹುದು.

ಮೃದಂಗದ ಗೆಳೆಯ ಕಡೆಗೆ ಬಾಯಿಬಿಟ್ಟ. ಅವನ ಆಕ್ಷೇಪಣೆ ಬೇರೆಯೇ. ವಿಳಂಬವಾದ ನಡೆ ಅವನಿಗೆ ಹೊಸದಲ್ಲ, ದುಃಖವೂ ಹೊಸದಲ್ಲ. “ಆದರೆ ಈ ಡ್ರಮ್ಮು ಯಾರ ಮಾತನ್ನೂ ಕೇಳಿಸಿಕೊಳ್ಳೋದಿಲ್ಲ. ಹಾಡೋಳು ಇಷ್ಟು ನೊಂದು ಹಾಡ್ತಾಳೆ, ಅದು ಮಾತ್ರ ಗಾಣದ ಎತ್ತಿನ ಹಾಗೆ ಸುತ್ತುತ್ತೆ. ಪಕ್ಕವಾದ್ಯ ಅಂದರೆ ಹಾಡೋರ ಜೊತೆ ಉಸಿರಾಡಬೇಕು,” ಎಂದ. ನಾನು ಹೇಳಿದೆ: ಅದು ಕೇಳಿಸಿಕೊಳ್ಳದಿರುವುದೇ ಇಲ್ಲಿಯ ನೋವು, ಅವಳ ದುಃಖಕ್ಕೆ ಲೋಕ ನಿಲ್ಲುವುದಿಲ್ಲವಲ್ಲ, ಹಾಗೆ. ಅವನು ಸ್ವಲ್ಪ ಹೊತ್ತು ಡೆಸ್ಕಿನ ಮೇಲೆ ಬೆರಳಾಡಿಸಿ, “ನೀನು ಹೇಳೋದು ಅರ್ಥವಾಯಿತು. ಹಿಡಿಸೋದಿಲ್ಲ,” ಎಂದ.

ನಮ್ಮ ಅಧ್ಯಾಪಕರು ಕ್ಷಮಿಸುವುದಾದರೆ ಒಂದು ಮಾತು. ಪರೀಕ್ಷೆಯಲ್ಲಿ ‘ಈ ಕವಿಯ ಮಹತ್ತ್ವವನ್ನು ವಿವರಿಸಿ’ ಎಂಬ ಪ್ರಶ್ನೆ ಬರುತ್ತದೆ. ‘ಈ ಕವಿ ನಿನಗೆ ಹಿಡಿಸಿದನೆ?’ ಎಂಬ ಪ್ರಶ್ನೆಯನ್ನು ನಾನಿನ್ನೂ ಕಂಡಿಲ್ಲ. ಆದುದರಿಂದ ನನ್ನಂತಹವರು ಕೃತಿಯನ್ನು ಬಿಟ್ಟು ಮಹತ್ತ್ವವನ್ನು ಮಾತ್ರ ಉರುಹೊಡೆಯುತ್ತೇವೆ. ಬ್ಯಾರೊ ಮತ್ತು ಅವನ ಜೊತೆಯವರು ಕಡ ತಂದದ್ದನ್ನು ಸವೆಸಿ ಗೀಚಿ ತಮ್ಮದು ಮಾಡಿಕೊಂಡರು. ನಾನು ಕಡ ತಂದ ಅಭಿಪ್ರಾಯದ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ತಂದಂತೆಯೇ ಗೋಡೆಗೆ ಅಂಟಿಸಿದ್ದೆ.

ನನಗೀಗ ಆ ಆಲ್ಬಮ್ಮಿನಲ್ಲಿ ಏಳು ಹಾಡುಗಳು ಇಷ್ಟ. ‘ಪೆಡೆಸ್ಟಲ್’ ಎಳೆದಾಡಿದಂತೆ ಕಾಣುತ್ತದೆ, ನಡುವಿನ ತುತ್ತೂರಿಯೊಂದು ಚೆನ್ನ. ‘ಬಿಸ್ಕಟ್’ನಲ್ಲಿ ಜಾನಿ ರೇ ತೊದಲುವ ಜಾಗ ಬಂದಾಗ ಇವತ್ತಿಗೂ ನನಗೆ ಆ ವಾರ ನೆನಪಾಗಿ ಕಿವಿ ಬಿಸಿಯಾಗುತ್ತದೆ. ‘ಯುಗಪ್ರವರ್ತಕ’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಯಾವ ಯುಗ, ಯಾರು ಪ್ರವರ್ತಿಸಿದರು ಎಂದು ಕೇಳಿದರೆ ಹೇಳಲಾರೆ.

ಈ ಸಂಚಿಕೆಗಾಗಿ ಮೃದಂಗದ ಗೆಳೆಯನಿಂದಲೇ ಒಂದು ಪ್ರತಿಲೇಖನ ಬರೆಸಬೇಕೆಂದು ಹೋಗಿ ಕೇಳಿದೆ. “ನನಗೆ ಓದೋದಿದೆ. ನೀನೇ ಬರಿ. ಆದರೆ ನನಗೆ ಹಿಡಿಸಲಿಲ್ಲ ಅನ್ನೋದನ್ನು ಎಲ್ಲೂ ತೇಲಿಸಬೇಡ, ಸರಿಯಾಗಿ ಬರಿ,” ಎಂದ. ಬರೆದಿದ್ದೇನೆ.